ಕೆಂದಾಕಳ ಕೊರಳಿನ ಕಟ್ಟಿಗೆ ಗಂಟೆ

ನಾನು ಕಲ್ಲಿನ ಊರವಳು. ಶಹಾಬಾದಿನಲ್ಲಿ ಹುಟ್ಟಿದವರಿಗೆ ಕಾಲ ಕೆಳಗೂ ಕಲ್ಲು, ತಲೆಯ ಮೇಲೂ ಕಲ್ಲು. ಮಾಳಿಗೆಗೆ ಹಾಸಿದ್ದು ಕಲ್ಲು, ಗೋಡೆಯೊಳಗೆ ಡಬ್ಬಿ ಇಡುವ ಹಲಗೆ ಕಲ್ಲು, ಬಚ್ಚಲಿಗೆ ಮರೆ ಮಾಡಿದ್ದು ಕಲ್ಲು, ಹಿತ್ತಲ ಬೇಲಿಯೂ ಸಾಲಾಗಿ ನಿಲ್ಲಿಸಿದ ಕಲ್ಲೇ. ಅಪ್ಪ ಆ ಕಲ್ಲುಗಳನ್ನು ನುಣುಪು ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಸಂಜೆ ಮನೆಗೆ ಬರುವಾಗ ಅವನ ಹುಬ್ಬು ಕೂಡ ಬೆಳ್ಳಗಾಗಿರುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಮನೆ ಎಷ್ಟು ಕಾಯುತ್ತಿತ್ತೆಂದರೆ ಒಳಗೆ ಕೂತವರಿಗೂ ಹೊರಗೆ ನಿಂತವರಿಗೂ ಏನೂ ವ್ಯತ್ಯಾಸ ಇರುತ್ತಿರಲಿಲ್ಲ. ಹಾಗಾಗಿ ಅವ್ವ ತವರಿಗೆ ಹೊರಟಳು ಅಂದರೆ ಅವಳಿಗಿಂತ ಮೊದಲು ನಾನು ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ.

ಅವ್ವನ ತವರು ಚಿಂಚೋಳಿ ದಾಟಿ ಗುಡ್ಡದ ಬುಡದಲ್ಲಿತ್ತು. ವಾಡಿ, ಚಿತ್ತಾಪುರ, ಸೇಡಂ ಅಂತ ಬಸ್ಸು ಬದಲಿಸುತ್ತ ಹೋಗಬೇಕು. ಸೇಡಂವರೆಗೂ ನೆಲ ರೊಟ್ಟಿ ತಟ್ಟಿದಷ್ಟು ಸಪಾಟು. ಕಪ್ಪು ಮಣ್ಣು, ಅದರ ತುಂಬ ತೊಗರಿ, ತೊಗರಿಯ ಆಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಚಿಂಚೋಳಿ ಹತ್ತಿರ ಬಂದ ಹಾಗೆ ಕಪ್ಪು ಮಣ್ಣು ತೆಳ್ಳಗಾಗಿ ಕೆಂಪು ಕಾಣಿಸುತ್ತಿತ್ತು. ಆಮೇಲೆ ನೆಲ ಏಳುತ್ತಿತ್ತು, ಬೀಳುತ್ತಿತ್ತು, ಒಡೆಯುತ್ತಿತ್ತು. ಕೊರಕಲು, ಹಳ್ಳ, ಕೆಂಪು ಬಂಡೆ, ಬಂಡೆಯ ಸಂದಿಯಲ್ಲಿ ಮರ. ಅಲ್ಲಿಂದ ತೆಲಂಗಾಣದ ಗಡಿಯವರೆಗೂ ಕಾಡು. ಬಸ್ಸಿನಲ್ಲಿ ತೆಲುಗು ಕೇಳಿಬರಲು ಶುರುವಾಯಿತು ಅಂದರೆ ನಾನು ಚಪ್ಪಲಿ ಹಾಕಿಕೊಂಡು ತಯಾರಾಗುತ್ತಿದ್ದೆ.

ಕಲಬುರಗಿ ಕಡೆ ಕಾಡಿದೆ ಅಂದರೆ ಈಗಲೂ ಜನ ನಗುತ್ತಾರೆ. ನಗಲಿ, ನನಗೇನು. ಅವರು ನೋಡಿದ್ದು ಬೇಸಿಗೆಯಲ್ಲಿ ಇರಬೇಕು. ಆಗ ನಮ್ಮ ಕಾಡು ಎಲೆಯೆಲ್ಲ ಉದುರಿಸಿ, ಬರೀ ಕಡ್ಡಿಯಾಗಿ, ಸತ್ತವರ ಮನೆಯಂತೆ ಸುಮ್ಮನೆ ನಿಂತಿರುತ್ತದೆ. ಅಂಥ ಹೊತ್ತಿನಲ್ಲೂ ಅಲ್ಲಿ ಕೆಲಸ ನಿಲ್ಲುತ್ತಿರಲಿಲ್ಲ. ಲಂಬಾಣಿ ತಾಂಡಾದ ಹೆಂಗಸರು ನಸುಕಿನಲ್ಲೇ ಬೀಡಿ ಎಲೆ ಕೀಳಲು ಹೋಗುತ್ತಿದ್ದರು. ಇಪ್ಪೆಯ ಹೂವು ಉದುರಿದರೆ ಅದನ್ನು ಆರಿಸುವವರು ಬೇರೆ. ಒಣ ಕಟ್ಟಿಗೆ, ಕಸಬರಿಗೆಯ ಹುಲ್ಲು, ಕವಳಿ ಹಣ್ಣು, ಮಹಾನವಮಿಯ ಹೊತ್ತಿಗೆ ಬುಟ್ಟಿ ಬುಟ್ಟಿ ಸೀತಾಫಲ. ಮಳೆ ಬಿದ್ದು ವಾರ ಕಳೆಯುವುದರೊಳಗೆ ಅದೇ ಗುಡ್ಡ ಗುರುತು ಸಿಗದಷ್ಟು ಹಸಿರಾಗಿ, ಮೊಣಕಾಲು ಮುಳುಗುವ ಹುಲ್ಲು ಬರುತ್ತಿತ್ತು. ನನ್ನ ಮಾಮಾನ ಬದುಕು ಇದ್ದದ್ದು ಆ ಹುಲ್ಲಿನಲ್ಲಿ.

ಮಾಮಾ ಅಂದರೆ ಅವ್ವನ ತಮ್ಮ. ಎತ್ತರದ ಆಳು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅವನ ಹೆಂಡತಿ, ನನ್ನ ಅತ್ತಿ, ಕೊಡ್ಲಿ ಊರಿನವಳು. ಅವನು ಆಡದೆ ಬಿಟ್ಟ ಮಾತುಗಳನ್ನೆಲ್ಲ ಅವಳೇ ಆಡಿ ಮುಗಿಸುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಹೊಲ ಒಂದು ಚೂರು ಇತ್ತು, ಅದರ ಅರ್ಧ ಬಂಡೆ. ಆದರೆ ಮಳೆಗಾಲ ಬಂತೆಂದರೆ ಆ ಮನೆಯ ಮುಂದೆ ದನಗಳ ಸಂತೆ ನೆರೆಯುತ್ತಿತ್ತು.

ಅದೊಂದು ಹಳೆಯ ರೂಢಿ. ಚಿತ್ತಾಪುರ, ಸೇಡಂ ಕಡೆಯ ಕಪ್ಪು ಮಣ್ಣಿನ ಊರುಗಳಲ್ಲಿ ಮುಂಗಾರು ಬಿತ್ತನೆ ಆದಮೇಲೆ ದನಗಳಿಗೆ ಕಾಲಿಡಲು ಜಾಗ ಇರುವುದಿಲ್ಲ. ಬದುವಿನವರೆಗೂ ತೊಗರಿ, ಹೆಸರು. ಹಾಗಾಗಿ ಕಾರಹುಣ್ಣಿಮೆ ಮುಗಿದ ಮೇಲೆ ಗೊಡ್ಡು ದನ, ಇನ್ನೂ ಕರು ಹಾಕದ ಮಣಕ, ಕರುಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಬಂದು ಮಾಮಾನಂಥವರ ಕೈಗೆ ಒಪ್ಪಿಸಿ ಹೋಗುತ್ತಿದ್ದರು. ದೀಪಾವಳಿಗೆ ಬಂದು, ಮೈತುಂಬಿಕೊಂಡ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬದಲಿಗೆ ಜೋಳ ಕೊಡುತ್ತಿದ್ದರು, ಸೆಗಣಿ ಮಾಮಾನ ಹೊಲಕ್ಕೆ. ಚಿತ್ತಾಪುರದ ಒಬ್ಬ ಚಾಚಾ ಮಾತ್ರ ತನ್ನ ಆಕಳುಗಳ ಜೊತೆ ತಾನೂ ಒಂದು ವಾರ ಉಳಿದುಬಿಡುತ್ತಿದ್ದ. ಬಟ್ಟೆ ಅಂಗಡಿಯ ಮನುಷ್ಯ, ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದವನ ಹಾಗೆ ದಿನಾ ದೊಡ್ಡಿಗೆ ಹೋಗಿ ನೋಡಿ ಬರುತ್ತಿದ್ದ. “ಚಾಚಾ, ನಿಮ್ಮ ಆಕಳಕ್ಕಿಂತ ನೀವೇ ಜಾಸ್ತಿ ಮೈಕೈ ತುಂಬ್ಕೊಂಡೀರಿ” ಅಂತ ಅತ್ತಿ ಅವನನ್ನು ಕಾಡಿಸುತ್ತಿದ್ದಳು.

ಅಷ್ಟು ದನಗಳಿಗೆ ಮುಂದಾಳು ಒಂದೇ ಆಕಳು. ಅದು ಮಾಮಾನ ಸ್ವಂತದ್ದು, ಕೆಂಪು ಮೈಯದ್ದು, ನಮ್ಮ ಬಾಯಲ್ಲಿ ಕೆಂದಾಕಳು. ಒಂದು ಮುದಿಯಾದರೆ ಅದರ ಮಗಳು, ಆಮೇಲೆ ಅದರ ಮಗಳು ಆ ಜಾಗಕ್ಕೆ ಬರುತ್ತಿದ್ದಳು. ಆಕಳು ಬದಲಾದರೂ ಕೊರಳಿನ ಗಂಟೆ ಬದಲಾಗಲಿಲ್ಲ. ಮಾಮಾನೇ ಶಿವನಿ ಮರದ ಕಟ್ಟಿಗೆ ಕೆತ್ತಿ ಮಾಡಿದ ಗಂಟೆ ಅದು. ಒಳಗೆ ಎರಡು ಗುಂಡಿನ ನಾಲಿಗೆ. ಹಿತ್ತಾಳೆ ಗಂಟೆಯ ಹಾಗೆ ಕಿಣಿಕಿಣಿ ಅನ್ನುವುದಿಲ್ಲ. ಟೊಕ್ಕ, ಟೊಕ್ಕ ಅಂತ ಬಾಗಿಲು ಬಡಿದ ಸದ್ದು. ಹತ್ತಿರದಲ್ಲಿ ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಹಳ್ಳದ ಆಚೆ, ಗುಡ್ಡದ ಹಿಂದೆ ಇದ್ದರೂ ಮನೆಯಂಗಳಕ್ಕೆ ಕೇಳಿಸುತ್ತಿತ್ತು.

ಅತ್ತಿಯ ಗಡಿಯಾರ ಆ ಗಂಟೆಯೇ. ಸಂಜೆ ಹಿಟ್ಟು ನಾದಿಕೊಂಡು, ಒಲೆ ಹೊತ್ತಿಸಿಕೊಂಡು ಕೂತಿರುತ್ತಿದ್ದಳು, ರೊಟ್ಟಿ ಸುಡುವ ಹಂಚು ಮಾತ್ರ ಇಡುತ್ತಿರಲಿಲ್ಲ. ಗಂಟೆ ಕೇಳಿದ ಮೇಲೆ ಹಂಚು. ದನ ದೊಡ್ಡಿಗೆ ಹೋಗಿ, ಮಾಮಾ ಬಾಗಿಲ ಮುಂದಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಳ್ಳುವ ಹೊತ್ತಿಗೆ ಮೊದಲ ರೊಟ್ಟಿ ಉಬ್ಬಿರಬೇಕು. ಆ ಕಲ್ಲು ನಮ್ಮಪ್ಪ ಶಹಾಬಾದಿನಿಂದ ಕಳಿಸಿದ್ದು. ಕಾಲಿಗೆ ನೀರು ಕೊಡುವ ಕೆಲಸ ನಾನು ಹೋದಾಗ ನನ್ನದು. “ಗಂಟಿ ಕೇಳ್ತು, ಏಳು, ಮಾಮಾಗ ನೀರು ಕೊಡು” ಅನ್ನುತ್ತಿದ್ದಳು. ಅಂಥ ಎಷ್ಟು ಸಂಜೆಗಳೋ. ಹಸಿದು ಕೂತ ನಾನು “ನಂಗ ಮೊದ್ಲು ಹಾಕು” ಅಂತ ಜಗಳ ತೆಗೆದರೆ, “ಗಂಟಿ ನಿನ್ನ ಕೊಳ್ಳಾಗ ಕಟ್ಲೇನು?” ಅನ್ನುತ್ತಿದ್ದಳು.

ನನ್ನನ್ನು ವಾಡಿಗೆ ಕೊಟ್ಟರು. ಗಂಡ ರೈಲ್ವೆಯವನು. ಕಲ್ಲಿನ ಧೂಳಿನಿಂದ ಸಿಮೆಂಟ್ ಧೂಳಿಗೆ ಬಂದೆ, ಅಷ್ಟೇ ಬದಲಾವಣೆ. ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡೆ. ಒಣಗಲು ಹಾಕಿದ ಬಟ್ಟೆ ಜಾಡಿಸಿದರೆ ಹಿಟ್ಟು ಜಾಡಿಸಿದಂತಾಗುತ್ತದೆ ಇಲ್ಲಿ. ಅವ್ವ ಹೋದಮೇಲೆ ತವರು ಅಂದರೆ ನನಗೆ ಮಾಮಾನ ಮನೆಯೇ ಆಯಿತು. ವರ್ಷಕ್ಕೆ ಎರಡು ಮೂರು ಸಲ ಹೋಗದಿದ್ದರೆ ನನ್ನ ಉಸಿರು ಸರಿ ಆಡುತ್ತಿರಲಿಲ್ಲ. ಗಂಡ ಅದನ್ನು ಹುಚ್ಚು ಅನ್ನುತ್ತಿದ್ದ. ಇರಬಹುದು.

ಮಾಮಾನ ಕಣ್ಣಿನ ಸಂಗತಿ ನನಗೆ ತಿಳಿದದ್ದು ಅಂಥ ಒಂದು ಸಲ. ಅವನ ಜೊತೆ ಕಾಡಿಗೆ ಹೋಗಿದ್ದೆ. ಅವನು ನನ್ನ ಮುಂದೆ, ಅವನ ಮುಂದೆ ದನ, ಎಲ್ಲಕ್ಕೂ ಮುಂದೆ ಕೆಂದಾಕಳು. ಎಂದಿನ ಹಾಗೆಯೇ ಸಲೀಸಾಗಿ ನಡೆಯುತ್ತಿದ್ದ. ಹಳ್ಳದ ಹತ್ತಿರ ಕೆಂದಾಕಳು ನೀರು ಕುಡಿಯಲು ನಿಂತಿತು, ಗಂಟೆ ನಿಂತಿತು. ಮಾಮಾನೂ ಗಕ್ಕನೆ ನಿಂತ. ಪಕ್ಕದಿಂದ, ಕೈ ಅಳತೆಯಲ್ಲಿ ಮುಳ್ಳಿನ ಕೊಂಬೆ ಚಾಚಿಕೊಂಡಿತ್ತು, ಅದನ್ನು ಅವನು ನೋಡಲೇ ಇಲ್ಲ. ಗಂಟೆ ಮತ್ತೆ ಶುರುವಾಯಿತು, ಅವನು ತಲೆ ಸ್ವಲ್ಪ ವಾಲಿಸಿ ಕೇಳಿ, ಹೆಜ್ಜೆ ಎತ್ತಿದ. ಕೊಂಬೆ ಅವನ ಕೆನ್ನೆ ಗೀರಿತು.

“ಮಾಮಾ, ನಿಂಗ ಕಾಣ್ಸಲಿಕತ್ತಿಲ್ಲ” ಅಂದೆ.

“ಬದಿಗಿಂದು ಕಾಣಂಗಿಲ್ಲ. ಮುಂದಿಂದು ಸ್ವಲ್ಪ ಕಾಣ್ತದ.”

“ಮತ್ತ ಹ್ಯಾಂಗ ನಡೀತಿ?”

ಅವನು ಕೆಂದಾಕಳ ಕಡೆ ಗದ್ದ ಎತ್ತಿ ತೋರಿಸಿದ. “ನನ್ನ ಕಣ್ಣು ಅದರ ಕೊಳ್ಳಾಗ ಅದ” ಅಂದ.

ಕಲಬುರಗಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪೊರೆ ಆಗಿದ್ದರೆ ತೆಗೆಯಬಹುದಿತ್ತಂತೆ. ಇದು ಪೊರೆ ಅಲ್ಲ, ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದೂ ಮೆಲ್ಲಗೆ ಹೋಗುತ್ತದೆ ಅಂದರು. ಹನಿ ಬಿಡಲು ಔಷಧಿ ಕೊಟ್ಟರು. ಬರುವಾಗ ಬಸ್ಸಿನಲ್ಲಿ ಮಾಮಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಏನು ಯೋಚನೆ ಅಂತ ಕೇಳಿದೆ. “ಅಡವಿಗಿ ಹೋಗೂದು ಬ್ಯಾಡ ಅಂತ ಹೇಳ್ಲಿಲ್ಲಲ್ಲ ಅವ್ರು?” ಅಂದ. ಅವನಿಗೆ ಇದ್ದ ಚಿಂತೆ ಅದೊಂದೇ. ಕಾಡಿಗೆ ಹೋಗುವುದು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಕಾಡಿಗೆ ಹೋಗಲು ಆ ಗಂಟೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ.

ಅಷ್ಟರಲ್ಲಿ ಕಾಡಿನ ಬದುಕೇ ಬೇರೆಯಾಗತೊಡಗಿತ್ತು. ಅದು ವನ್ಯಧಾಮ ಆಯಿತು. ಬೋರ್ಡು ಬಂದವು, ಬೋರ್ಡಿನ ಮೇಲೆ ತೋಳ, ಕತ್ತೆಕಿರುಬ, ನವಿಲುಗಳ ಚಿತ್ರ ಬಂದವು. ಒಂದು ಕಡೆ ಸಸಿ ನೆಟ್ಟು ತಂತಿ ಹಾಕಿದರು. ಅಂಚಿನ ಉದ್ದಕ್ಕೂ ದನ ದಾಟದ ಹಾಗೆ ಕಂದಕ ತೋಡಿದರು. ಕಂದಕದಿಂದ ತೆಗೆದ ಕೆಂಪು ಮಣ್ಣು ಊರಿಗೂ ಗುಡ್ಡಕ್ಕೂ ನಡುವೆ ಹೊಸ ಗಾಯದ ಹಾಗೆ ಬಿದ್ದಿರುತ್ತಿತ್ತು. ಒಳಗೆ ಮೇಯಿಸುವಂತಿಲ್ಲ ಅಂತ ಊರಲ್ಲಿ ಡಂಗುರ ಸಾರಿ ಹೇಳಿದರು.

ನಾನು ಜಗಳಗಂಟಿ, ಅದು ಎಲ್ಲರಿಗೂ ಗೊತ್ತು. ಬೈಯುವುದಿದ್ದರೆ ಮುಖದ ಮೇಲೆ ಬೈದು ಹಗುರಾಗುವವಳು. ಆದರೆ ಇದರಲ್ಲಿ ಬೈಯಲು ನನಗೆ ಒಬ್ಬರೂ ಸಿಗಲಿಲ್ಲ. ಕಾಡು ಉಳಿಯಬೇಕು ಅನ್ನುವವರನ್ನು ಬೈಯಲೇ? ಉಳಿಯಬೇಕು ಅಂತ ಅವರಿಗಿಂತ ಜೋರಾಗಿ ಹೇಳುವವಳು ನಾನು. ವಾಡಿಯಲ್ಲಿ ಕೂತು ಅನ್ನದ ತಾಟಿನ ಮೇಲೆ ಬೂದಿಬಣ್ಣದ ಧೂಳು ನೋಡುವವಳು ನಾನು. ಸೇಡಂ ಹತ್ತಿರದ ಕೋಡ್ಲಾದ ಕಡೆ ಹೊಲ ಇದ್ದ ಜಾಗದಲ್ಲಿ ಕಾರ್ಖಾನೆ ಎದ್ದದ್ದನ್ನು, ಶಹಾಬಾದಿನಲ್ಲಿ ಕಲ್ಲು ತೆಗೆದು ತೆಗೆದು ಬರೀ ನೀರು ತುಂಬಿದ ಗುಂಡಿಗಳು ಉಳಿದದ್ದನ್ನು ನೋಡಿದವಳು. ಈ ಸೀಮೆಯಲ್ಲಿ ಕಾರ್ಖಾನೆ ಕೈ ಹಾಕದೆ ಉಳಿದದ್ದು ಅಂತ ಇದ್ದರೆ ಆ ಒಂದು ಚೂರು ಗುಡ್ಡ. ಅದನ್ನಾದರೂ ಕಾಯಲಿ ಬಿಡಿ. ಆದರೆ ಕಾಯುವುದು ಅಂದರೆ ಮಾಮಾನಿಂದಲೂ ಕಾಯುವುದು ಅಂತ ಆಯಿತಲ್ಲ, ಆ ಸಂಕಟವನ್ನು ನಾನು ಎಲ್ಲಿ ಹೋಗಿ ಹೇಳಲಿ?

ಕೆಳಗಿನ ಊರುಗಳಿಂದ ದನ ಬರುವುದು ನಿಂತಿತು. ಅಲ್ಲೂ ದನ ಸಾಕುವವರು ಕಡಿಮೆಯಾಗಿದ್ದರು, ಟ್ರ್ಯಾಕ್ಟರ್ ಬಂದಿತ್ತು. ಚಿತ್ತಾಪುರದ ಚಾಚಾ ಕಡೆಯ ಸಲ ಬಂದಾಗ ಆಕಳಿಲ್ಲದೆ ಬಂದಿದ್ದ. ಮಾಮಾನಿಗೆ ಒಂದು ರುಮಾಲು ತಂದಿದ್ದ. ಇಬ್ಬರೂ ಖಾಲಿ ದೊಡ್ಡಿಯ ಕಲ್ಲಿನ ಮೇಲೆ ಕೂತು, ಸತ್ತುಹೋದ ಆಕಳುಗಳ ಗುಣಗಾನ ಮಾಡಿದರಂತೆ. ಊರಿನವರೂ ಒಬ್ಬೊಬ್ಬರಾಗಿ ದನ ಮಾರಿದರು. ಕೊನೆಗೆ ಮಾಮಾನ ಮನೆಯಲ್ಲಿ ಉಳಿದದ್ದು ಕೆಂದಾಕಳು ಮತ್ತು ಅದರ ಮಣಕ.

“ಮಾಮಾ, ನನ್ನ ಹಂತೇಕ ಬಂದುಬಿಡ್ರಿ ಇಬ್ರೂ” ಅಂತ ಒತ್ತಾಯ ಮಾಡಿ, ಆಕಳು ಮಣಕವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ಸಲ ವಾಡಿಗೆ ಕರೆತಂದೆ. ಮಾಮಾ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ರೈಲು ಬಂದರೆ ಸಾಕು, ಇದು ಮಾಲು ಗಾಡಿ, ಇದು ಖಾಲಿ ಹೊಂಟದ, ಇದಕ್ಕ ಇಲ್ಲಿ ನಿಲ್ಲೂದು ಇಲ್ಲ ಅಂತ ಸದ್ದಿನ ಮೇಲೇ ಹೇಳುತ್ತಿದ್ದ. ನನ್ನ ಗಂಡನಿಗೆ ಅದು ಭಾರಿ ತಮಾಷೆ. ಮೂರನೆಯ ದಿನವೋ ಏನೋ ಮಾಮಾ ನನ್ನನ್ನು ಕರೆದು ಮೆಲ್ಲಗೆ ಕೇಳಿದ, “ಇಲ್ಲಿ ಎತ್ತಾಗ ಹೋದ್ರ ಹುಲ್ಲಿನ ವಾಸನಿ ಬರ್ತದ?” ನಾನು ಸುಳ್ಳು ಹೇಳುವವಳಲ್ಲ. ಎತ್ತ ಹೋದರೂ ಬರುವುದಿಲ್ಲ ಅಂದೆ. ಮಾರನೆಯ ದಿನ ಅವರಿಬ್ಬರನ್ನೂ ಬಸ್ಸು ಹತ್ತಿಸಿದೆ. ನನಗೆ ಸಿಟ್ಟು ಬಂದಿತ್ತು, ಅವನ ಮೇಲಲ್ಲ, ನನ್ನ ಊರಿನ ಮೇಲೆ.

ನಿಷೇಧ ಆದಮೇಲೂ ಮಾಮಾ ಕಾಡಿಗೆ ಹೋಗುತ್ತಲೇ ಇದ್ದ. ಹಳ್ಳ ಬರುವ ಕಡೆ ಕಂದಕ ಮಳೆಗೆ ಕುಸಿದು, ದಾಟಲು ಒಂದು ದಾರಿ ಆಗಿತ್ತು. ಅಲ್ಲಿ ಕಾವಲಿಗೆ ಇದ್ದ ವಾಚರ್ ಪಕ್ಕದ ತಾಂಡಾದವನು. ಚಿಕ್ಕವನಿದ್ದಾಗ ಮಾಮಾನ ಹಿಂದೆ ದನ ಕಾಯ್ದವನೇ. ಅವನಿಗೆ ಇದು ಧರ್ಮಸಂಕಟ. ಒಂದು ಸಂಜೆ ಮನೆಗೆ ಬಂದು, ಚಹಾ ಕುಡಿದ. ನಾನು ಆ ಸಲ ಅಲ್ಲೇ ಇದ್ದೆ. ಆಮೇಲೆ ಅಂದ, “ಕಾಕಾ, ನಾ ಕಣ್ಣು ಮುಚ್ಕೋತೀನಿ. ಆದ್ರ ಸಾಹೇಬ್ರು ಜೀಪಿನ್ಯಾಗ ಬರ್ತಾರ, ಅವ್ರ ಕಿವಿ ನಾ ಹ್ಯಾಂಗ ಮುಚ್ಚಲಿ? ನಿಮ್ಮ ಗಂಟಿ ರಸ್ತಾಕ್ಕೆಲ್ಲ ಕೇಳ್ತದ. ನನ್ನ ನೌಕರಿ ಹೋಗ್ತದ್ರಿ.”

ಅವನು ಹೇಳಿದ್ದು ತಪ್ಪೇನೂ ಅಲ್ಲ. ಆದರೆ ಅವನಿಗೆ ಮಾಮಾನ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಮಾಮಾ ಯಾರಿಗೂ ಹೇಳಿರಲಿಲ್ಲ, ಅತ್ತಿಗೆ, ನನಗೆ ಬಿಟ್ಟರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ನನ್ನ ಕಡೆ ಕೈ ಅಡ್ಡ ಹಿಡಿದ. “ಗಂಟಿ ಬಂದ್ ಮಾಡ್ತೀನಿ ತಗೋ. ಅದಕ್ಕೇನು” ಅಂದ. ಕುರುಡ ಅಂತ ಊರಿಗೆ ಗೊತ್ತಾದರೆ ಕಂದಕಕ್ಕಿಂತ ಮೊದಲು ಊರೇ ತಡೆಯುತ್ತದೆ ಅನ್ನುವುದು ಅವನ ಭಯ.

ಗಂಟೆಯನ್ನೇ ತೆಗೆದುಬಿಡು ಅಂತ ಅತ್ತಿ ಅಂದಳು. ಗಂಟೆ ಇಲ್ಲದೆ ಕೆಂದಾಕಳು ಹೆಜ್ಜೆ ಎತ್ತುತ್ತಿರಲಿಲ್ಲ, ಬರಿಗೊರಳಿನಲ್ಲಿ ಅಂಗಳ ದಾಟಿಸಲು ಆಗಲಿಲ್ಲ. ಕೊನೆಗೆ ಅತ್ತಿ ತನ್ನ ಹಳೆಯ ಸೀರೆಯ ಅಂಚು ಹರಿದು ಕೊಟ್ಟಳು. ಮಾಮಾ ಎರಡು ನಾಲಿಗೆಗಳನ್ನೂ ಸೇರಿಸಿ ಆ ಬಟ್ಟೆ ಸುತ್ತಿ ಬಿಗಿದ. ಮುಟ್ಟಿ ಮುಟ್ಟಿ ನೋಡಿದ. ಅಲ್ಲಾಡಿಸಿದ. ಸದ್ದಿಲ್ಲ. ಆ ಹೊತ್ತಿನ ಅವನ ಮುಖ ನನಗೆ ಈಗಲೂ ನೆನಪಿದೆ, ನೆನಪಾದರೆ ಮಷಿನ್ ನಿಲ್ಲಿಸಿ ಎದ್ದುಬಿಡುತ್ತೇನೆ.

ಅವನೇ ಒಂದು ಪದ್ಧತಿ ಮಾಡಿಕೊಂಡ. ಮನೆಯಿಂದ ಹೊರಡುವಾಗ ಕೆಂದಾಕಳ ಬಾಲ ಹಿಡಿದುಕೊಳ್ಳುವುದು. ಕಂದಕ, ರಸ್ತೆ, ಕಾವಲು ಗುಡಿಸಲು ದಾಟುವವರೆಗೂ ಬಾಲ ಬಿಡುವಂತಿಲ್ಲ. ಹಳ್ಳ ದಾಟಿ ಕಣಿವೆಗೆ ಇಳಿದಮೇಲೆ ಬಟ್ಟೆ ಬಿಚ್ಚುವುದು, ಅಲ್ಲಿಂದ ರಸ್ತೆಗೆ ಸದ್ದು ಹೋಗುವುದಿಲ್ಲ. ಬರುವಾಗ ಮತ್ತೆ ಕಟ್ಟುವುದು. ಕಂದಕ ದಾಟಿ ಊರಿನ ಬೇವಿನ ಮರದ ಹತ್ತಿರ ಬಂದಮೇಲೆ ಮತ್ತೆ ಬಿಚ್ಚುವುದು. ಈ ಕೊನೆಯದು ಅತ್ತಿಗಾಗಿ. ಊರೊಳಗೆ ಗಂಟೆ ಬಾರಿಸಿದರೆ ಯಾರೂ ತಕರಾರು ಮಾಡುವಂತಿಲ್ಲವಲ್ಲ. ಟೊಕ್ಕ ಟೊಕ್ಕ ಅಂತ ಕೇಳಿದೊಡನೆ ಅತ್ತಿ ಹಂಚು ಇಡುತ್ತಿದ್ದಳು. ಹಾಗೆ ಒಂದು ಬೇಸಿಗೆ, ಒಂದು ಮಳೆಗಾಲ ನಡೆಯಿತು. ನಾನು ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, “ಗಂಟಿ ಕೇಳ್ತಾ?” ಅತ್ತಿ, “ಕೇಳ್ತು, ಹಂಚಿಟ್ಟೀನಿ” ಅನ್ನುತ್ತಿದ್ದಳು. ನಾನು ನೆಮ್ಮದಿಯಿಂದ ಫೋನು ಇಡುತ್ತಿದ್ದೆ.

ಮಹಾನವಮಿ ಹತ್ತಿರವಿತ್ತು. ಮಳೆ ಚೆನ್ನಾಗಿ ಆಗಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಆ ದಿನ ಏನಾಯಿತು ಅಂತ ಪೂರ್ತಿ ಹೇಳಬಲ್ಲವನು ಒಬ್ಬನೇ, ಅವನಿಲ್ಲ. ಸೀತಾಫಲ ಕೀಳಲು ಹೋದ ಹೆಂಗಸರು ಹಳ್ಳದ ಹತ್ತಿರ ಬಹಳ ಹೊತ್ತು ಜೀಪು ನಿಂತಿತ್ತು ಅಂದರು. ಹಾಗಾಗಿ ಮಾಮಾ ಒಳಗೆ ಹೋದಮೇಲೂ ಗಂಟೆಯ ಬಟ್ಟೆ ಬಿಚ್ಚಿರಲಿಕ್ಕಿಲ್ಲ. ಹಿಂದಿನವರು ಮನೆ ಕಟ್ಟಲು ಕೆಂಪು ಕಲ್ಲು ಕಡಿದು ಬಿಟ್ಟ ಒಂದು ತಗ್ಗು ಆ ಕಡೆ ಇದೆ. ಅದರ ಬಾಯಿ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಕಣ್ಣು ಚೆನ್ನಾಗಿದ್ದವರೂ ಆ ತಿಂಗಳು ಅತ್ತ ಹೋಗುವುದಿಲ್ಲ. ಕೆಂದಾಕಳಿಗೆ ಗೊತ್ತು, ಅದು ಯಾವಾಗಲೂ ಸುತ್ತಿ ಹೋಗುತ್ತದೆ, ಅದರ ಗಂಟೆಯ ಹಿಂದೆ ಮಾಮಾನೂ ಸುತ್ತಿ ಹೋಗುತ್ತಿದ್ದ. ಅವತ್ತು ಬಾಲ ಯಾಕೆ ಬಿಟ್ಟನೋ. ಬೆವರು ಒರೆಸಲು ಇರಬಹುದು, ನೀರು ಕುಡಿಯಲು ಇರಬಹುದು. ಬಿಟ್ಟಮೇಲೆ ಆಕಳು ಎತ್ತ ಹೋಯಿತು ಅಂತ ಅವನಿಗೆ ತಿಳಿಯುವ ದಾರಿ ಇರಲಿಲ್ಲ.

ಸಂಜೆ ಅತ್ತಿ ಹಿಟ್ಟು ನಾದಿ, ಒಲೆ ಹೊತ್ತಿಸಿ ಕೂತಿದ್ದಳು. ಗಂಟೆಗೆ ಕಿವಿ ಕೊಟ್ಟು ಕೂತಿದ್ದಳು. ಇವತ್ತು ಹುಲ್ಲು ಚಲೋ ಅದ, ತಡಾ ಮಾಡ್ಲಿಕತ್ತಾನ ಅಂದುಕೊಂಡಳಂತೆ. ಬೆಂಕಿ ಸಣ್ಣಗಾಯಿತು, ಮತ್ತೆ ಕಟ್ಟಿಗೆ ಒಟ್ಟಿದಳು. ನಾದಿದ ಹಿಟ್ಟು ಒಣಗಿತು, ಮತ್ತೆ ನೀರು ಚಿಮುಕಿಸಿದಳು. ಕತ್ತಲಾದಮೇಲೆ ಕಟ್ಟಿಗೆ ತರಲು ಹೊರಗೆ ಬಂದರೆ ಅಂಗಳದಲ್ಲಿ ಕೆಂದಾಕಳು ನಿಂತಿತ್ತು, ಪಕ್ಕದಲ್ಲಿ ಮಣಕ. ಬಂದು ಎಷ್ಟೋ ಹೊತ್ತಾಗಿತ್ತು, ಸೆಗಣಿ ಹಾಕಿ ಅದು ಆರಿತ್ತು. ಅದರ ಕೊರಳಿನ ಗಂಟೆಯೊಳಗೆ ಸೀರೆಯ ಅಂಚು ಬಿಗಿದದ್ದು ಬಿಗಿದ ಹಾಗೇ ಇತ್ತು. ಆಕಳು ಅವಳನ್ನು ಕರೆಯಲು ಬಂದಿತ್ತು, ಆದರೆ ಕರೆಯುವ ಬಾಯಿಯನ್ನು ನಾವೇ ಕಟ್ಟಿದ್ದೆವು.

ಊರವರು ಬ್ಯಾಟರಿ ಹಿಡಿದು ಹೋದರು, ಕೂಗಿದರು, ಆ ಹುಲ್ಲಿನಲ್ಲಿ ಏನೂ ಕಾಣಲಿಲ್ಲ. ನನಗೆ ಫೋನು ಬಂತು. ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದ್ದರಿಂದ ಮುಂದಿನದು ಅತ್ತಿ ಹೇಳಿದ್ದು, ವಾಚರ್ ಹೇಳಿದ್ದು.

ನಸುಕಿನಲ್ಲಿ ವಾಚರ್ ಮನೆಗೆ ಬಂದನಂತೆ. ಅತ್ತಿ ಅವನಿಗೆ ಕಣ್ಣಿನ ವಿಷಯ ಹೇಳಿದಳು. ಅವನು ನೆಟ್ಟಗೆ ಕೆಂದಾಕಳ ಹತ್ತಿರ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಗಂಟೆಯೊಳಗೆ ಬೆರಳು ಹಾಕಿ ಬಟ್ಟೆ ಬಿಚ್ಚಿದ. ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಆಮೇಲೆ ಹಗ್ಗ ಬಿಚ್ಚಿ ಆಕಳನ್ನು ಹೊಡೆದುಕೊಂಡು ಹೊರಟ. ಮೈಮೇಲೆ ಖಾಕಿ ಅಂಗಿ. ಕಂದಕ ದಾಟಿಸಿದ, ಗುಡಿಸಲ ಮುಂದೆಯೇ, ಬೋರ್ಡಿನ ಮುಂದೆಯೇ, ರಸ್ತೆಯ ಮೇಲೆಯೇ ಹೊಡೆದುಕೊಂಡು ಹೋದ. ಟೊಕ್ಕ, ಟೊಕ್ಕ ಅಂತ ಇಡೀ ಗುಡ್ಡಕ್ಕೆ ಕೇಳಿಸಿತು. ಆ ರಸ್ತೆಯಲ್ಲಿ ಅದು ಸದ್ದು ಮಾಡಿ ಒಂದು ಬೇಸಿಗೆ, ಒಂದು ಮಳೆಗಾಲವೇ ಆಗಿತ್ತು. ಮಾಮಾ ಎಲ್ಲಿದ್ದರೂ ಕೇಳಿ ಓಗೊಡಲಿ ಅಂತ ಅವನ ಆಸೆ.

ಆಕಳು ಸೀದಾ ಹೋಗಿ ಆ ತಗ್ಗಿನ ಬಾಯಲ್ಲಿ ನಿಂತಿತು. ಮಾಮಾ ಕೆಳಗೆ ಬಂಡೆಗೆ ಒರಗಿ ಕೂತಿದ್ದ. ಕಾಲು ಮುರಿದಿತ್ತು, ತಲೆಗೆ ಪೆಟ್ಟು ಬಿದ್ದಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ ಅಂತ ವಾಚರ್ ನನಗೆ ಹೇಳಿದ. ಹೇಳಬಾರದಿತ್ತು. ಅದನ್ನು ಕೇಳಿದ ಮೇಲೆ ಆಕಳು ಅಂಗಳಕ್ಕೆ ಬಂದ ಹೊತ್ತನ್ನೂ ಅತ್ತಿ ಹೊರಗೆ ಬಂದ ಹೊತ್ತನ್ನೂ ನಾನು ಮನಸ್ಸಿನಲ್ಲಿ ಜೋಡಿಸುತ್ತಲೇ ಇದ್ದೇನೆ. ಅತ್ತಿಯೂ ಅದನ್ನೇ ಮಾಡುತ್ತಿರಬೇಕು. ನಾವಿಬ್ಬರೂ ಆ ಮಾತು ಒಮ್ಮೆಯೂ ಎತ್ತಿಲ್ಲ.

ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಅವನ ಹೊಲದಲ್ಲೇ, ಬಂಡೆ ಇಲ್ಲದ ಕಡೆ ಹುಡುಕಿ. ವಾಚರ್ ದೂರ ನಿಂತಿದ್ದ. ಕೊನೆಗೆ ಹತ್ತಿರ ಬಂದು ಅತ್ತಿಯ ಕಾಲಿಗೆ ಬಿದ್ದು, “ನಂಗ ಗೊತ್ತಿದ್ದಿಲ್ಲ ಕಾಕಿ” ಅಂದ. ಅತ್ತಿ ಅವನ ತಲೆ ಮೇಲೆ ಕೈ ಇಟ್ಟಳು. ಅವನನ್ನಾದರೂ ಬೈಯೋಣ ಅಂತ ನಾನು ಕಾದಿದ್ದೆ. ಅವನ ತುಟಿಯ ಮೇಲೆ ಗಂಟೆಯ ಬಟ್ಟೆ ಕಚ್ಚಿ ಎಳೆದಾಗ ಆದ ಗಾಯ ಇತ್ತು.

ಮುಂದಿನ ಕೆಲವು ದಿನ ಆ ಮನೆಯ ಒಲೆ ಹೊತ್ತಲಿಲ್ಲ. ಅಕ್ಕಪಕ್ಕದವರು ಬುತ್ತಿ ತಂದು ಕೊಡುತ್ತಿದ್ದರು. ಅತ್ತಿ ಮಾತು ಬಿಟ್ಟಿದ್ದಳು. ಇಬ್ಬರ ಮಾತನ್ನೂ ಆಡುತ್ತಿದ್ದವಳು ಈಗ ತನ್ನದೂ ಆಡುತ್ತಿರಲಿಲ್ಲ. ನೆಂಟರು ಹೋದರು, ನಾನು ಉಳಿದೆ. ಕೆಂದಾಕಳನ್ನು ಅಂಗಳದಲ್ಲೇ ಕಟ್ಟಿ ಮೇವು ಹಾಕುತ್ತಿದ್ದೆ. ಅದು ಮೂಸಿ ನೋಡಿ ಬಿಟ್ಟು, ಗುಡ್ಡದ ಕಡೆ ಮುಖ ಮಾಡಿ ನಿಲ್ಲುತ್ತಿತ್ತು.

ದಿನಕರ್ಮ ಮುಗಿದ ಮರುದಿನ ಸಂಜೆ ಮಣಕ ಹಗ್ಗ ಕಿತ್ತುಕೊಂಡು ಹೊರಗೆ ಓಡಿತು. ಕೆಂದಾಕಳು ಅದನ್ನು ಹುಡುಕಿ ಕರೆತಂದೀತು ಅಂತ ಅದನ್ನೂ ಬಿಟ್ಟೆ. ಅದು ಮಣಕವನ್ನು ಬೇವಿನ ಮರದ ತನಕ ಹುಡುಕಿಕೊಂಡು ಹೋಯಿತು. ನಾನು ಒಳಗೆ ಬಂದು ಅತ್ತಿಯ ಪಕ್ಕ ಕೂತೆ. ಹಿಟ್ಟಿನ ಡಬ್ಬಿಗೆ ಒರಗಿ ಅವಳು ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿನಲ್ಲಿ ದೂರದಿಂದ ಟೊಕ್ಕ, ಟೊಕ್ಕ ಅಂತ ಬಂತು. ಎರಡೂ ತಿರುಗಿ ಮನೆಗೆ ಬರುತ್ತಿದ್ದವು.

ಅತ್ತಿ ಎದ್ದಳು. ಒಲೆಗೆ ಕಡ್ಡಿ ಗೀರಿದಳು. ಹಂಚು ಇಟ್ಟಳು. ಡಬ್ಬಿಯಿಂದ ಹಿಟ್ಟು ತೆಗೆದು ನೀರು ಹಾಕಿ ನಾದತೊಡಗಿದಳು. ಹಿಂದೆ ಎಂದೂ ಹಂಚು ಇಟ್ಟಮೇಲೆ ಹಿಟ್ಟು ನಾದಿದವಳಲ್ಲ. ಅವಸರ ಅವಸರವಾಗಿ ರೊಟ್ಟಿ ತಟ್ಟುತ್ತ, ನನ್ನ ಕಡೆ ತಿರುಗದೆಯೇ ಅಂದಳು, “ಗಂಟಿ ಕೇಳ್ತು. ಯಾಕ ಕುಂತಿ? ಏಳು, ಮಾಮಾಗ ನೀರು ಕೊಡು.”

ನಾನು ಎದ್ದೆ. ತಂಬಿಗೆ ತುಂಬಿಕೊಂಡು ಹೊರಗೆ ಬಂದೆ. ಕೆಂದಾಕಳು ಅಂಗಳಕ್ಕೆ ಬಂದು ನಿಂತಿತ್ತು, ಅದರ ಹಿಂದೆ ಮಣಕ, ಅದರ ಹಿಂದೆ ದಾರಿ ಖಾಲಿ. ಅಪ್ಪ ಕಳಿಸಿದ ಕಲ್ಲು ಒಣಗಿ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಮೆಲ್ಲಗೆ, ಮೊದಲು ಒಂದು ಕಾಲಿಗೆ, ಆಮೇಲೆ ಇನ್ನೊಂದು ಕಾಲಿಗೆ ಆಗುವಷ್ಟು ನೀರು ಸುರಿದೆ. ಖಾಲಿ ತಂಬಿಗೆ ಹಿಡಿದು ಒಳಗೆ ಹೋದೆ. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬುತ್ತಿತ್ತು.

“ಕೊಟ್ಟ್ಯಾ?” ಅಂದಳು ಅತ್ತಿ.

“ಕೊಟ್ಟೆ” ಅಂದೆ.